ಜೀನು, ಮಕ್ಕಳ

ಸವಾರಿ ಕಲಿಯುವ ಮಕ್ಕಳಿಗಾಗಿ ಪೋನಿಯ ಬೆನ್ನಿಗೆ ಬಿಗಿಯುವ ಚಿಕ್ಕ ಜೀನು. ಹೆಗಲ ಬಳಿ 148 ಸೆಂ.ಮೀ. ಮೀರದ ಕುದುರೆಯನ್ನು ಸಾಮಾನ್ಯವಾಗಿ ಪೋನಿ ಎನ್ನುತ್ತಾರೆ. ಜೀನು ಮೊದಲು ಒಪ್ಪಬೇಕಾದ್ದು ಪೋನಿಯ ಬೆನ್ನಿಗೆ, ಆಮೇಲೆ ಮಗುವಿಗೆ. ಬೆಳೆಯುವ ಮಗುವೆಂದು ದೊಡ್ಡದನ್ನೇ ಕೊಳ್ಳುವ ಲೆಕ್ಕ ಅಂಗಿಗೆ ಸರಿ, ಜೀನಿಗಲ್ಲ. ಹೆಗಲ ಎಲುಬಿಗೂ ಜೀನಿನ ಮುಂಭಾಗಕ್ಕೂ ನಡುವೆ ಎರಡು-ಮೂರು ಬೆರಳು ಸಲೀಸಾಗಿ ಹೋಗಬೇಕು. ದುಂಡು ಬೆನ್ನಿನ ಪೋನಿಯ ಮೇಲೆ ಜೀನು ಮುಂದಕ್ಕೆ ಜಾರುವುದುಂಟು. ಬಾಲದ ಬುಡಕ್ಕೆ ಹಾಕುವ ಪಟ್ಟಿ ಅದನ್ನು ತಡೆಯುತ್ತದೆ.

ಪಾದವಿಡುವ ರಿಕಾಪು ಬೂಟಿಗಿಂತ ಸುಮಾರು 2.5 ಸೆಂ.ಮೀ. ಅಗಲವಿರಬೇಕು. ಹೊರಬದಿಗೆ ರಬ್ಬರ್ ಪಟ್ಟಿಯಿರುವ ರಿಕಾಪು ಮಗು ಬಿದ್ದಾಗ ಬಿಚ್ಚಿಕೊಂಡು ಕಾಲನ್ನು ಬಿಟ್ಟುಕೊಡುತ್ತದೆ. ಬೆರಳ ತುದಿಯನ್ನು ಜೀನಿಗೆ ತಾಗಿಸಿ ರಿಕಾಪನ್ನು ತೋಳಿನುದ್ದಕ್ಕೆ ಎಳೆದರೆ ಅದು ಕಂಕುಳಿಗೆ ಮುಟ್ಟಬೇಕು. ರಿಕಾಪು ತೂಗುವ ಪಟ್ಟಿಯ ಉದ್ದಕ್ಕೆ ಇದೇ ಅಂದಾಜು.

ದೇಶದಲ್ಲಿ ಜೀನಿನ ತಯಾರಿಕೆಗೆ ಕಾನ್ಪುರ ಹೆಸರಾಗಿದೆ. ಅಲ್ಲಿನ ಜೀನುಸಾಮಗ್ರಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ಕರ್ನಾಟಕದಲ್ಲಿ ಮಕ್ಕಳ ಸವಾರಿ ಶಾಲೆಗಳು ಹೆಚ್ಚಾಗಿ ಬೆಂಗಳೂರಿನ ಸುತ್ತ ಇವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಂಥ ಮಳೆಸೀಮೆಯಲ್ಲಿ ಆಷಾಢದ ಹೊತ್ತಿಗೆ ಜೀನಿನ ಚರ್ಮಕ್ಕೆ ಬೂಸಲು ಹಿಡಿಯುತ್ತದೆ. ಒಲೆಯ ಕಾವಿಗೆ ಒಣಗಿಸಿದರೆ ಚರ್ಮ ಬಿರಿಯುತ್ತದೆ. ಒರೆಸಿ ಗಾಳಿಯಾಡುವಲ್ಲಿ ಇಡುವುದೇ ಲೇಸು. ಅಂಥ ಸೀಮೆಗೆ ಕೃತಕ ಚರ್ಮದ ಹಗುರ ಜೀನೇ ವಾಸಿ.