ಗುಟ್ಟು ಮತ್ತು 24 ಜೀವ

ಖಾನಾಪುರ ತಾಲ್ಲೂಕಿನವನಾದ ನನಗೆ ವೀರ ಎಂದೊಡನೆ ನೆನಪಾಗುವುದು ನಂದಗಡ. 1831ರಲ್ಲಿ ಬ್ರಿಟಿಷರು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಅಲ್ಲೇ. ಪ್ರಾಣ ಕೊಡುವುದೇ ವೀರತನ ಎಂದು ಕಲಿತು ಬೆಳೆದೆ. ಆ ನಂಬಿಕೆಯನ್ನು ಅಲುಗಿಸಿದ್ದು 2001ರ ಏಪ್ರಿಲ್ 1ರ ಒಂದು ಘಟನೆ.

ಅಂದು ದಕ್ಷಿಣ ಚೀನಾ ಸಮುದ್ರದ ಮೇಲೆ ಅಮೆರಿಕ ನೌಕಾಪಡೆಯ ಇಪಿ-3 ಬೇಹುಗಾರಿಕೆ ವಿಮಾನಕ್ಕೂ ಚೀನಾದ ಯುದ್ಧವಿಮಾನಕ್ಕೂ ಡಿಕ್ಕಿಯಾಯಿತು. ಚೀನಾದ ಪೈಲಟ್ ವಾಂಗ್ ವೈ ಬದುಕುಳಿಯಲಿಲ್ಲ. ಇಪಿ-3ರಲ್ಲಿದ್ದವರು 24 ಮಂದಿ. ವಿಮಾನವನ್ನು ಸಮುದ್ರಕ್ಕಿಳಿಸಿದರೆ ಗುಟ್ಟು ಮುಳುಗುತ್ತಿತ್ತು. ಜನ ಉಳಿಯುವುದೂ ಅನುಮಾನವಿತ್ತು. ಪೈಲಟ್ ಶೇನ್ ಆಸ್ಬಾರ್ನ್ ಜಖಂಗೊಂಡ ವಿಮಾನವನ್ನು ಚೀನಾದ್ದೇ ಹೈನಾನ್ ದ್ವೀಪದ ಲಿಂಗ್‌ಶುಯಿ ನೆಲೆಯಲ್ಲಿ ಇಳಿಸಿದ. ಸಿಬ್ಬಂದಿ ಕೊಡಲಿಯಿಂದ ಉಪಕರಣಗಳನ್ನು ಒಡೆದರು, ಕಾಗದ ಹರಿದರು, ಬಿಸಿ ಕಾಫಿ ಸುರಿದರು. ಆದರೂ ಎಲ್ಲವನ್ನೂ ನಾಶಮಾಡಲಾಗಲಿಲ್ಲ. ವಿಮಾನ ಚೀನಾದ ಕೈಸೇರಿತು. 11 ದಿನಗಳ ಬಳಿಕ 24 ಮಂದಿಯೂ ಬಿಡುಗಡೆಯಾದರು.

ಗುಟ್ಟು ಬಿಟ್ಟುಕೊಟ್ಟ ಎಂದು ಅವನನ್ನು ದೂರಿದವರಿದ್ದರು. ನೌಕಾಪಡೆ ಪದಕ ಕೊಟ್ಟಿತು. ಸಂಕೇತಗಳನ್ನು, ಎಷ್ಟೇ ಖರ್ಚಾದರೂ, ಬದಲಿಸಬಹುದು. ರಾಯಣ್ಣ ಕೊಟ್ಟದ್ದು ತನ್ನ ಪ್ರಾಣ. ಆಸ್ಬಾರ್ನ್ ಕೈಯಲ್ಲಿದ್ದದ್ದು ಇನ್ನೂ 23 ಮಂದಿಯ ಪ್ರಾಣ.

ಸಾಂಬ್ರಾ ವಾಯುನೆಲೆಯಲ್ಲಿ ತರಬೇತಿ ಪಡೆಯುವ ಹುಡುಗರು ಬೆಳಗಾವಿ ಪೇಟೆಯಲ್ಲಿ ಎದುರಾದಾಗ, ನಾಳೆ ಇವರಿಗೆ ಆಜ್ಞೆ ಕೊಡುವವರಿಗೂ ಈ ವ್ಯತ್ಯಾಸ ತಿಳಿದಿರಲಿ ಎನ್ನಿಸುತ್ತದೆ.