ಹದಿನಾರು ದಿನಗಳ ಆಟ, ಮೂವತ್ತು ವರ್ಷಗಳ ಸಾಲ

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು (2004–05ನೇ ಸಾಲಿನ ಎಸ್.ಎಸ್.ಎಲ್.ಸಿ. ತಂಡ)

ನಮ್ಮ ಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ, ಹಳೆಯ ನೆನಪುಗಳನ್ನು ಬರೆಯಲು ನನಗಿಂತ ಹಿರಿಯರು ಬಹಳ ಮಂದಿ ಇದ್ದಾರೆ ಎನ್ನಿಸಿತು. ಆದ್ದರಿಂದ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಕಲಿಸಿದ ರೀತಿಯಲ್ಲಿ ಒಂದು ಇತಿಹಾಸದ ಪಾಠವನ್ನೇ ಬರೆಯಲು ಹೊರಟಿದ್ದೇನೆ. "ಇಸವಿ ಬರೆದರೆ ಅರ್ಧ ಅಂಕ, ಕಾರಣ ಬರೆದರೆ ಪೂರ್ತಿ ಅಂಕ" ಎನ್ನುತ್ತಿದ್ದರು ಅವರು. ಹಿನ್ನೆಲೆ, ಕಾರಣಗಳು, ಪರಿಣಾಮಗಳು ಎಂದು ಮೂರು ಭಾಗ ಮಾಡಿ, ಅಡಿಗೆರೆ ಎಳೆದು ಬರೆಯದಿದ್ದರೆ ಉತ್ತರಪತ್ರಿಕೆಯನ್ನು ವಾಪಸ್ ಕೊಡುತ್ತಿದ್ದರು. ಇಲ್ಲೂ ಹಾಗೆಯೇ ಬರೆಯುತ್ತೇನೆ.

ನಮ್ಮ ಶಾಲೆ ಶುರುವಾದದ್ದು 1976ರಲ್ಲಿ. ಅದೇ ವರ್ಷ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಒಂದು ಕ್ರೀಡಾಂಗಣ ಉದ್ಘಾಟನೆಯಾಯಿತು. ಕೆಲವು ವರ್ಷಗಳ ಹಿಂದೆ ಕಚೇರಿ ಕೆಲಸದ ಮೇಲೆ ಆ ಊರಿಗೆ ಹೋಗಿದ್ದಾಗ ಒಂದು ಭಾನುವಾರ ಅದನ್ನು ನೋಡಿ ಬಂದೆ. ನಮ್ಮ ಶಾಲೆಯಷ್ಟೇ ವಯಸ್ಸಿನ ಆ ಕಟ್ಟಡದ ಕಥೆ ಅಂದಿನಿಂದ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ.

ಹಿನ್ನೆಲೆ

ಜೀನ್ ದ್ರಾಪೋ ಎಂಬುವರು ಮಾಂಟ್ರಿಯಲ್‌ನ ಮೇಯರ್ ಆಗಿದ್ದರು. ಕನಸು ಕಾಣುವುದರಲ್ಲೂ ಅದನ್ನು ಜನರಿಗೆ ಒಪ್ಪಿಸುವುದರಲ್ಲೂ ಗಟ್ಟಿಗರು. ಅವರ ಕಾಲದಲ್ಲೇ 1966ರಲ್ಲಿ ಆ ನಗರಕ್ಕೆ ಮೆಟ್ರೊ ರೈಲು ಬಂತು. 1967ರಲ್ಲಿ ಅಲ್ಲಿ ನಡೆದ ವಿಶ್ವ ವಸ್ತುಪ್ರದರ್ಶನಕ್ಕೆ ಕೋಟಿಗಟ್ಟಲೆ ಜನ ಬಂದರು. ಮುಂದಿನ ಹೆಜ್ಜೆ ಒಲಿಂಪಿಕ್ಸ್. 1970ರ ಮೇ ತಿಂಗಳಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ, ಮಾಸ್ಕೊ ಮತ್ತು ಲಾಸ್ ಏಂಜಲೀಸ್ ನಗರಗಳನ್ನು ಬಿಟ್ಟು ಮಾಂಟ್ರಿಯಲ್‌ಗೆ 1976ರ ಕ್ರೀಡಾಕೂಟವನ್ನು ಕೊಟ್ಟಿತು.

ಸರಳವಾದ, ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುವ ಒಲಿಂಪಿಕ್ಸ್ ನಡೆಸುವುದಾಗಿ ದ್ರಾಪೋ ಮಾತು ಕೊಟ್ಟಿದ್ದರು. ನಾಣ್ಯ, ಅಂಚೆಚೀಟಿ, ಲಾಟರಿ ಮಾರಾಟದಿಂದಲೇ ಹಣ ಹುಟ್ಟುತ್ತದೆ ಎಂಬುದು ಲೆಕ್ಕ. ಗಂಡಸು ಮಗು ಹೆರುವುದು ಎಷ್ಟು ಅಸಾಧ್ಯವೋ ಒಲಿಂಪಿಕ್ಸ್‌ನಲ್ಲಿ ನಷ್ಟವಾಗುವುದೂ ಅಷ್ಟೇ ಅಸಾಧ್ಯ ಎಂಬರ್ಥದ ಅವರ ಮಾತು ಪ್ರಸಿದ್ಧವಾಗಿದೆ. ಮುಂದೆ ಆ ಊರಿನ ವ್ಯಂಗ್ಯಚಿತ್ರಕಾರರೊಬ್ಬರು ತುಂಬುಬಸುರಿ ಮೇಯರ್ ಡಾಕ್ಟರಿಗೆ ಫೋನು ಮಾಡುತ್ತಿರುವಂತೆ ಚಿತ್ರ ಬರೆದರು.

1970ರ ಅಂದಾಜಿನಂತೆ ಕ್ರೀಡಾಂಗಣಕ್ಕೆ ತಗಲಬೇಕಾಗಿದ್ದ ವೆಚ್ಚ 13.4 ಕೋಟಿ ಕೆನಡಾ ಡಾಲರ್. ಕೊನೆಗೆ ತಗಲಿದ್ದು ಸುಮಾರು 110 ಕೋಟಿ.

ಕಾರಣಗಳು

ಮೊದಲನೆಯದು, ಕಾಲ. 1973ರ ಅಕ್ಟೋಬರ್‌ನಲ್ಲಿ ಅರಬ್–ಇಸ್ರೇಲ್ ಯುದ್ಧವಾಗಿ ಅರಬ್ ದೇಶಗಳು ತೈಲದ ಕೊಳಾಯಿ ತಿರುಗಿಸಿದವು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಜಗತ್ತಿನ ಆರ್ಥಿಕತೆಯೇ ಕುಗ್ಗಿತು. ಸಾಮಾನ್ಯವಾಗಿ ವ್ಯಾಪಾರ ಕುಸಿದಾಗ ಬೆಲೆ ಇಳಿಯಬೇಕು. ಈ ಸಲ ಕೆಲಸವೂ ಹೋಯಿತು, ಬೆಲೆಯೂ ಏರಿತು. ಕೆನಡಾದಲ್ಲಿ ಬೆಲೆಯೇರಿಕೆ ವರ್ಷಕ್ಕೆ ಶೇಕಡಾ ಹತ್ತನ್ನು ದಾಟಿತು. 1975ರ ಅಕ್ಟೋಬರ್‌ನಲ್ಲಿ ಪ್ರಧಾನಿ ಪಿಯರ್ ಟ್ರುಡೊ ಸರ್ಕಾರ ಕೂಲಿ ಮತ್ತು ಬೆಲೆಗಳ ಮೇಲೆ ನಿಯಂತ್ರಣ ಹೇರಬೇಕಾಯಿತು. ಒಂದು ಕಡೆ ಸಂಬಳ ಜಾಸ್ತಿ ಕೇಳಬೇಡಿ ಎಂದು ಜನರಿಗೆ ಹೇಳುತ್ತಿದ್ದ ಹೊತ್ತಿನಲ್ಲೇ ಇನ್ನೊಂದು ಕಡೆ ಕ್ರೀಡಾಂಗಣಕ್ಕೆ ಹಣ ಸುರಿಯುತ್ತಿತ್ತು. ಉಕ್ಕಿನ ಬೆಲೆ ಏರಿದಂತೆಲ್ಲ ಆ ಹಣವೂ ಸಾಲದಾಯಿತು.

ಎರಡನೆಯದು, ವಿನ್ಯಾಸ. ಪ್ಯಾರಿಸ್‌ನ ರೊಜೆ ತಾಯಿಬೇರ್ ಎಂಬ ಹೆಸರಾಂತ ವಾಸ್ತುಶಿಲ್ಪಿಯನ್ನು ದ್ರಾಪೋ ಸ್ಪರ್ಧೆಯಿಲ್ಲದೆ ತಾವೇ ಆರಿಸಿದರು. ಒಂದೊಂದೂ ಬೇರೆ ಬೇರೆ ಬಾಗಿನ ಭಾರಿ ಕಾಂಕ್ರೀಟ್ ಪಕ್ಕೆಲುಬುಗಳು, ಪಕ್ಕದಲ್ಲಿ 165 ಮೀಟರ್ ಎತ್ತರದ ಓರೆ ಗೋಪುರ, ಆ ಗೋಪುರದಿಂದ ಹಗ್ಗಗಳಲ್ಲಿ ಎತ್ತಿ ಇಳಿಸುವ ಬಟ್ಟೆಯ ಛಾವಣಿ. ಹಿಂದೆ ಯಾರೂ ಕಟ್ಟಿರದ ಕಟ್ಟಡ. ಯಾರೂ ಕಟ್ಟಿರದ್ದಕ್ಕೆ ಸರಿಯಾದ ಅಂದಾಜು ಕೊಡಲು ಯಾರಿಗೂ ಆಗುವುದಿಲ್ಲ. ನಾನು ಮಾಡುವ ಕೆಲಸದಲ್ಲಿ ಇದು ದಿನನಿತ್ಯದ ಅನುಭವ.

ಮೂರನೆಯದು, ಮುಂದೂಡಲಾಗದ ದಿನಾಂಕ. ಮನೆ ಕಟ್ಟುವವನು ಹಣ ಸಾಲದಿದ್ದರೆ ಗೃಹಪ್ರವೇಶವನ್ನು ಮುಂದಕ್ಕೆ ಹಾಕಬಹುದು. 1976ರ ಜುಲೈ 17ನ್ನು ಮುಂದಕ್ಕೆ ಹಾಕುವಂತಿರಲಿಲ್ಲ. ಇದು ಗುತ್ತಿಗೆದಾರರಿಗೂ ಗೊತ್ತಿತ್ತು, ಕಾರ್ಮಿಕ ಸಂಘಗಳಿಗೂ ಗೊತ್ತಿತ್ತು. ಮುಷ್ಕರಗಳಿಂದ ತಿಂಗಳುಗಟ್ಟಲೆ ಕೆಲಸ ನಿಂತಿತು. ಆಮೇಲೆ ಹೋದ ಸಮಯವನ್ನು ಹಿಡಿಯಲು ಹಗಲು ರಾತ್ರಿ ದುಡಿಸಿ ಹೆಚ್ಚುವರಿ ಕೂಲಿ ಕೊಡಬೇಕಾಯಿತು. ಅವಸರದ ಆ ಕೆಲಸದಲ್ಲಿ ಹತ್ತಕ್ಕೂ ಹೆಚ್ಚು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಖರ್ಚಿನ ಲೆಕ್ಕದ ಜೊತೆ ಇದನ್ನೂ ಬರೆಯಬೇಕು.

ನಾಲ್ಕನೆಯದು, ಹೊಣೆ. ನಷ್ಟವಾದರೆ ತುಂಬಿಕೊಡುವುದಿಲ್ಲ ಎಂದು ಕೇಂದ್ರ ಸರ್ಕಾರ ಮೊದಲೇ ಹೇಳಿತ್ತು. ನಷ್ಟವೇ ಆಗುವುದಿಲ್ಲ ಎಂದು ಮೇಯರ್ ಹೇಳುತ್ತಿದ್ದರು. ಹೀಗಾಗಿ ನಷ್ಟವಾದರೆ ಯಾರು ಕೊಡಬೇಕು ಎಂಬ ಪ್ರಶ್ನೆಯನ್ನು ಇತ್ಯರ್ಥ ಮಾಡದೆಯೇ ಕೆಲಸ ನಡೆಯಿತು. ಕೊನೆಗೆ 1975ರ ನವೆಂಬರ್‌ನಲ್ಲಿ ಕ್ವಿಬೆಕ್ ಪ್ರಾಂತ್ಯದ ಸರ್ಕಾರ ನಗರಸಭೆಯ ಕೈಯಿಂದ ಕಾಮಗಾರಿಯನ್ನು ಕಿತ್ತುಕೊಂಡು ಬೇರೆ ಸಂಸ್ಥೆಗೆ ಒಪ್ಪಿಸಿತು. ಆಗ ಉಳಿದಿದ್ದದ್ದು ಎಂಟು ತಿಂಗಳು.

ನಮ್ಮಲ್ಲಿ "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎನ್ನುತ್ತಾರೆ. ದ್ರಾಪೋ ಎರಡನ್ನೂ ಒಂದೇ ಮುಹೂರ್ತಕ್ಕೆ ಇಟ್ಟುಕೊಂಡಿದ್ದರು.

ಆ ಹದಿನಾರು ದಿನಗಳು

ಕ್ರೀಡಾಕೂಟ ನಡೆಯಿತು. ಗೋಪುರ ಅರ್ಧಕ್ಕೆ ನಿಂತಿತ್ತು, ಛಾವಣಿ ಇರಲೇ ಇಲ್ಲ. ಆದರೂ ಆಟ ಚೆನ್ನಾಗಿಯೇ ನಡೆಯಿತು ಎಂಬುದನ್ನು ಒಪ್ಪಬೇಕು. ಹದಿನಾಲ್ಕು ವರ್ಷದ, ನಮ್ಮ ಒಂಬತ್ತನೇ ತರಗತಿಯ ಹುಡುಗಿಯರ ವಯಸ್ಸಿನ ರುಮೇನಿಯಾದ ನಾದಿಯಾ ಕೊಮನೇಚಿ ಜಿಮ್ನಾಸ್ಟಿಕ್ಸ್‌ನಲ್ಲಿ ಹತ್ತಕ್ಕೆ ಹತ್ತು ಅಂಕ ಪಡೆದಳು. ಒಲಿಂಪಿಕ್ಸ್‌ನಲ್ಲಿ ಅದುವರೆಗೆ ಯಾರೂ ಪಡೆಯದ ಅಂಕ. ಅಂಕ ತೋರಿಸುವ ಫಲಕದಲ್ಲಿ 9.99ಕ್ಕಿಂತ ಹೆಚ್ಚು ತೋರಿಸಲು ಜಾಗವೇ ಇರಲಿಲ್ಲ, ಅದು 1.00 ಎಂದು ತೋರಿಸಿತು. ಹೀಗೆ ಆಗುವುದೇ ಇಲ್ಲ ಎಂದುಕೊಂಡು ಯಂತ್ರ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ವೃತ್ತಿಯಲ್ಲಿ ಇಂದಿಗೂ ಹೇಳುವ ಉದಾಹರಣೆ ಇದು. ನಷ್ಟ ಆಗುವುದೇ ಇಲ್ಲ ಎಂಬ ಮೇಯರ್ ಲೆಕ್ಕವೂ ಇದೇ ಜಾತಿಯದು.

ನ್ಯೂಜಿಲೆಂಡಿನ ರಗ್ಬಿ ತಂಡ ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಆಡಿದ್ದನ್ನು ಪ್ರತಿಭಟಿಸಿ ಇಪ್ಪತ್ತಕ್ಕೂ ಹೆಚ್ಚು ದೇಶಗಳು, ಹೆಚ್ಚಿನವು ಆಫ್ರಿಕಾದವು, ದೂರ ಉಳಿದವು. ಆತಿಥೇಯ ಕೆನಡಾಕ್ಕೆ ಒಂದು ಚಿನ್ನವೂ ಬರಲಿಲ್ಲ. ನಮಗೂ ಅದು ಕಹಿ ನೆನಪು. ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹಾಕಿಯನ್ನು ಕೃತಕ ಹುಲ್ಲಿನ ಮೇಲೆ ಆಡಿಸಿದ್ದು ಅಲ್ಲಿಯೇ. ಹಿಂದಿನ ವರ್ಷವಷ್ಟೇ ಕೌಲಾಲಂಪುರದಲ್ಲಿ ವಿಶ್ವಕಪ್ ಗೆದ್ದಿದ್ದ ಭಾರತ ಏಳನೇ ಸ್ಥಾನಕ್ಕೆ ಇಳಿಯಿತು. 1928ರಿಂದ ಒಮ್ಮೆಯೂ ಹಾಕಿ ಪದಕವಿಲ್ಲದೆ ಒಲಿಂಪಿಕ್ಸ್‌ನಿಂದ ಹಿಂದಿರುಗದಿದ್ದ ದೇಶ ಬರಿಗೈಯಲ್ಲಿ ಬಂತು. ನಮ್ಮ ಕೊಡಗಿನ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು.

ಪರಿಣಾಮಗಳು

ಆಟ ಆಗಸ್ಟ್ 1ಕ್ಕೆ ಮುಗಿಯಿತು. ಸಾಲ ಮುಗಿಯಲು ಮೂವತ್ತು ವರ್ಷ ಬೇಕಾಯಿತು. 1976ರಲ್ಲೇ ಕ್ವಿಬೆಕ್ ಸರ್ಕಾರ ತಂಬಾಕಿನ ಮೇಲೆ ವಿಶೇಷ ತೆರಿಗೆ ಹಾಕಿತು. 2006ರ ಕೊನೆಯಲ್ಲಿ ಸಾಲ ತೀರಿದಾಗ ಬಡ್ಡಿ, ರಿಪೇರಿ ಎಲ್ಲ ಸೇರಿ ಲೆಕ್ಕ 161 ಕೋಟಿ ಡಾಲರ್ ಆಗಿತ್ತು. ನಾನಾಗ ಎಸ್.ಎಸ್.ಎಲ್.ಸಿ. ಮುಗಿಸಿ ಪಿ.ಯು.ಸಿ. ಓದುತ್ತಿದ್ದೆ. ಅಂದರೆ, ಕ್ರೀಡಾಕೂಟ ನಡೆದಾಗ ಹುಟ್ಟೇ ಇರದಿದ್ದ ಮಾಂಟ್ರಿಯಲ್‌ನ ಕೂಲಿಯವನು ಒಂದು ಪ್ಯಾಕ್ ಸಿಗರೇಟು ಕೊಂಡಾಗಲೆಲ್ಲ ತಾನು ನೋಡದ ಆಟಕ್ಕೆ ಕಾಸು ಕಟ್ಟುತ್ತಿದ್ದ. ಸಿಗರೇಟು ಕೆಟ್ಟದ್ದು, ಅದಕ್ಕೆ ತೆರಿಗೆ ಇರಲಿ ಎನ್ನಬಹುದು. ಆದರೆ ಆ ತೆರಿಗೆಯಿಂದ ಒಂದು ಆಸ್ಪತ್ರೆ ನಡೆಸಬಹುದಾಗಿತ್ತಲ್ಲ ಎಂಬ ಪ್ರಶ್ನೆ ಉಳಿಯುತ್ತದೆ.

ಸಾಲದ ಜೊತೆಗೆ ಕಟ್ಟಡವೂ ಕಾಡಿತು. ಗೋಪುರ ಮುಗಿದು ಛಾವಣಿ ಬಂದದ್ದು 1987ರಲ್ಲಿ. ಬಟ್ಟೆಯ ಛಾವಣಿ ಮತ್ತೆ ಮತ್ತೆ ಹರಿಯಿತು. 1998ರಲ್ಲಿ ಹೊಸದು ಹಾಕಿದರು. ಕೆಲವೇ ತಿಂಗಳಲ್ಲಿ, 1999ರ ಜನವರಿಯಲ್ಲಿ, ಹಿಮದ ಭಾರಕ್ಕೆ ಒಂದು ಭಾಗ ಹರಿದು ಒಳಗೆ ಕೆಲಸ ಮಾಡುತ್ತಿದ್ದವರ ಮೇಲೆ ಬಿತ್ತು. ಅಲ್ಲಿ ಆಡುತ್ತಿದ್ದ ಬೇಸ್‌ಬಾಲ್ ತಂಡ 2004ರ ನಂತರ ಊರನ್ನೇ ಬಿಟ್ಟು ವಾಷಿಂಗ್ಟನ್‌ಗೆ ಹೋಯಿತು. 2024ರಲ್ಲಿ ಕ್ವಿಬೆಕ್ ಸರ್ಕಾರ ಮತ್ತೊಂದು ಹೊಸ ಛಾವಣಿಗೆ 87 ಕೋಟಿ ಡಾಲರ್ ವೆಚ್ಚ ಪ್ರಕಟಿಸಿತು. ಉರುಟಾದ ಆ ಕ್ರೀಡಾಂಗಣಕ್ಕೆ ಊರಿನವರು ಪ್ರೀತಿಯಿಂದ 'ಬಿಗ್ ಓ' ಎಂದು ಹೆಸರಿಟ್ಟಿದ್ದರು. ಇಂಗ್ಲಿಷಿನಲ್ಲಿ 'ಓ' ಎಂದರೆ ಬಾಕಿ ಇರುವುದು ಎಂದೂ ಅರ್ಥ ಬರುವುದರಿಂದ ಅದೇ ಹೆಸರು ಬೈಗುಳವಾಯಿತು.

ಪ್ರಾಂತ್ಯದ ಸರ್ಕಾರ ನೇಮಿಸಿದ ನ್ಯಾಯಾಧೀಶ ಆಲ್ಬರ್ಟ್ ಮಲೂಫ್ ಅವರ ವಿಚಾರಣಾ ಆಯೋಗ 1980ರ ವರದಿಯಲ್ಲಿ ಮುಖ್ಯ ಹೊಣೆಯನ್ನು ದ್ರಾಪೋ ಅವರ ಮೇಲೆ ಹಾಕಿತು. ಆದರೆ 1978ರ ಚುನಾವಣೆಯಲ್ಲೂ 1982ರ ಚುನಾವಣೆಯಲ್ಲೂ ಜನ ಅವರನ್ನೇ ಗೆಲ್ಲಿಸಿದ್ದರು. ಹಬ್ಬ ಎಲ್ಲರ ಕಣ್ಣಿಗೂ ಕಾಣುತ್ತದೆ. ಬಡ್ಡಿ ಯಾರ ಕಣ್ಣಿಗೂ ಕಾಣುವುದಿಲ್ಲ. ಒಲಿಂಪಿಕ್ಸ್ ನೆಪದಲ್ಲಿ ಮೆಟ್ರೊ ಪೂರ್ವದ ಬಡಾವಣೆಗಳಿಗೆ ವಿಸ್ತರಿಸಿತು. ಸೈಕಲ್ ಸ್ಪರ್ಧೆಗೆ ಕಟ್ಟಿದ ಕಟ್ಟಡ 1992ರಿಂದ ಜೀವಿಗಳ ಸಂಗ್ರಹಾಲಯವಾಗಿ ಮಕ್ಕಳಿಂದ ತುಂಬಿರುತ್ತದೆ. ಇವೂ ನಿಜ. ಮಾಡಿದ್ದೆಲ್ಲ ದಂಡವಾಯಿತು ಎಂದು ಬರೆದರೆ ಮೇಷ್ಟ್ರು ಅಂಕ ಕಳೆಯುತ್ತಾರೆ.

ಬೇರೆಯವರು ಏನು ಮಾಡಿದರು?

ಬಡತನದ ಕಾಲದಲ್ಲಿ ಆಟವೇ ಬೇಡ ಎಂಬುದು ನನ್ನ ವಾದವಲ್ಲ. 1948ರ ಲಂಡನ್ ನೋಡಿ. ಯುದ್ಧದಲ್ಲಿ ನಗರ ಹಾಳಾಗಿತ್ತು, ಆಹಾರ ಇನ್ನೂ ಪಡಿತರದಲ್ಲಿ ಸಿಗುತ್ತಿತ್ತು. ಅವರು ಹೊಸ ಕ್ರೀಡಾಂಗಣ ಕಟ್ಟಲಿಲ್ಲ. 1923ರ ವೆಂಬ್ಲಿಯಲ್ಲೇ ಓಟದ ಹಾದಿ ಹಾಕಿದರು. ಆಟಗಾರರನ್ನು ಸೇನಾ ಶಿಬಿರಗಳಲ್ಲಿ, ಕಾಲೇಜುಗಳಲ್ಲಿ ಇಳಿಸಿದರು. ಟವೆಲ್ ಅವರೇ ತರಬೇಕಿತ್ತು. ಸುಮಾರು 7.3 ಲಕ್ಷ ಪೌಂಡ್ ಖರ್ಚಾಗಿ 29 ಸಾವಿರ ಪೌಂಡ್ ಉಳಿಯಿತು. ಅದೇ ವೆಂಬ್ಲಿಯಲ್ಲಿ ಸ್ವತಂತ್ರ ಭಾರತ ಬ್ರಿಟನ್ನನ್ನು 4–0ರಿಂದ ಸೋಲಿಸಿ ಹಾಕಿ ಚಿನ್ನ ಗೆದ್ದಿತು. ಆ ಪಂದ್ಯದ ಹಿರಿಮೆ ಕ್ರೀಡಾಂಗಣ ಹಳೆಯದೆಂದು ಕಡಿಮೆಯಾಗಲಿಲ್ಲ.

ಇನ್ನೊಂದು ಉದಾಹರಣೆ ಇನ್ನೂ ಹತ್ತಿರದ್ದು. ಮಾಂಟ್ರಿಯಲ್‌ಗೆ ಬೇಸಿಗೆ ಒಲಿಂಪಿಕ್ಸ್ ಸಿಕ್ಕಿದ ಆಮ್‌ಸ್ಟರ್‌ಡ್ಯಾಮ್ ಸಭೆಯಲ್ಲೇ ಅಮೆರಿಕದ ಡೆನ್ವರ್ ನಗರಕ್ಕೆ 1976ರ ಚಳಿಗಾಲದ ಒಲಿಂಪಿಕ್ಸ್ ಸಿಕ್ಕಿತ್ತು. ಖರ್ಚು ಯಾರದು ಎಂದು ಅಲ್ಲಿಯ ಜನ ಕೇಳಿದರು. 1972ರ ನವೆಂಬರ್‌ನಲ್ಲಿ ಕೊಲರಾಡೊ ರಾಜ್ಯದ ಮತದಾರರಲ್ಲಿ ನೂರಕ್ಕೆ ಸುಮಾರು ಅರವತ್ತು ಮಂದಿ ಸಾರ್ವಜನಿಕ ಹಣ ಕೊಡಬಾರದೆಂದು ಮತ ಹಾಕಿದರು. ಡೆನ್ವರ್ ಹಿಂದೆ ಸರಿಯಿತು. 1964ರಲ್ಲೇ ಒಮ್ಮೆ ನಡೆಸಿ ಅನುಭವವಿದ್ದ ಆಸ್ಟ್ರಿಯಾದ ಇನ್ಸ್‌ಬ್ರುಕ್, ಇದ್ದ ಸೌಕರ್ಯಗಳನ್ನೇ ಬಳಸಿಕೊಂಡು ಕೂಟ ನಡೆಸಿತು. ಮಾಂಟ್ರಿಯಲ್‌ನ ಪಾಡು ನೋಡಿದ ಮೇಲೆ ಲಾಸ್ ಏಂಜಲೀಸ್‌ನ ಮತದಾರರು 1984ರ ಕೂಟಕ್ಕೆ ನಗರದ ಹಣ ಹೋಗದಂತೆ ಮೊದಲೇ ಕಟ್ಟುಪಾಡು ಮಾಡಿದರು. ಹೆಚ್ಚಾಗಿ ಹಳೆಯ ಕ್ರೀಡಾಂಗಣಗಳಲ್ಲೇ ನಡೆದ ಆ ಕೂಟದಲ್ಲಿ 20 ಕೋಟಿ ಡಾಲರಿಗೂ ಹೆಚ್ಚು ಉಳಿಯಿತು.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 1960ರಿಂದೀಚಿನ ಒಲಿಂಪಿಕ್ಸ್‌ಗಳ ಲೆಕ್ಕ ತೆಗೆದಾಗ, ಅಂದಾಜನ್ನು ಅತಿ ಹೆಚ್ಚು ಮೀರಿದ್ದು ಮಾಂಟ್ರಿಯಲ್ ಎಂದು ಕಂಡುಬಂತು: ಶೇಕಡಾ 720ರಷ್ಟು.

ನಮ್ಮ ಲೆಕ್ಕ

ಈಗ ನಮ್ಮ ಶಾಲೆಗೆ ಬರುತ್ತೇನೆ. 1976ರಲ್ಲಿ ಊರಿನ ಹಿರಿಯರು ಜಾಗ ಕೊಟ್ಟು, ಗಾಡಿಗಳಲ್ಲಿ ಕಲ್ಲು ಹೊಡೆಸಿ ಮೂರು ಕೊಠಡಿ ಎಬ್ಬಿಸಿದರು ಎಂದು ನನ್ನ ಅಜ್ಜ ಹೇಳುತ್ತಿದ್ದರು. ಆ ಕೊಠಡಿಗಳು ಇನ್ನೂ ನಿಂತಿವೆ. ಪ್ರತಿ ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚುಗಳನ್ನು ಬದಲಿಸುತ್ತಾರೆ, ಅಷ್ಟೇ. ಎರಡು ವರ್ಷ ತಪ್ಪಿದ್ದಕ್ಕೆ ನಾವು ಹತ್ತನೇ ತರಗತಿಯಲ್ಲಿ ಬೆಂಚುಗಳನ್ನು ಒಂದು ಮೂಲೆಗೆ ಎಳೆದುಕೊಂಡು ಕುಳಿತದ್ದೂ ನೆನಪಿದೆ. ಛಾವಣಿ ಎಂದರೆ ಒಮ್ಮೆ ಹಾಕಿ ಮರೆಯುವ ವಸ್ತುವಲ್ಲ ಎಂದು ನಾನು ಮಾಂಟ್ರಿಯಲ್‌ಗೆ ಹೋಗಿ ಕಲಿಯಬೇಕಾಗಿರಲಿಲ್ಲ.

ಸುವರ್ಣ ಮಹೋತ್ಸವಕ್ಕೆ ಹಳೆಯ ವಿದ್ಯಾರ್ಥಿಗಳು ಸೇರಿಸಿದ ಹಣವನ್ನು ಏನು ಮಾಡುವುದೆಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎರಡು ತಿಂಗಳು ಚರ್ಚೆ ನಡೆಯಿತು. ಕೆಲವರು ದೊಡ್ಡ ಸ್ವಾಗತ ಕಮಾನು ಆಗಲಿ ಎಂದರು. ಕೆಲವರು ಹುಡುಗಿಯರ ಶೌಚಾಲಯ, ನೀರು, ಆಟದ ಮೈದಾನ ಎಂದರು. ಕಮಾನು ಕೇಳಿದವರಿಗೆ ಶಾಲೆಯ ಮೇಲೆ ಪ್ರೀತಿ ಕಡಿಮೆ ಇಲ್ಲ. ಕಷ್ಟದ ವರ್ಷದಲ್ಲೂ ತಮ್ಮ ಸಂಬಳದಿಂದ ಮೊದಲು ಹಣ ಕಳಿಸಿದವರು ಅವರೇ. ಐವತ್ತು ವರ್ಷಕ್ಕೊಮ್ಮೆ ಬರುವ ಹಬ್ಬ ನಾಲ್ಕು ಜನರ ಕಣ್ಣಿಗೆ ಕಾಣಲಿ ಎಂಬ ಆಸೆ ತಪ್ಪಲ್ಲ. ದ್ರಾಪೋ ಅವರಿಗೂ ಇದ್ದದ್ದು ಅದೇ ಆಸೆ.

ಆದ್ದರಿಂದ ಯಾರನ್ನೂ ದೂರದೆ ಒಂದೇ ಒಂದು ಸಲಹೆ ಕೊಡುತ್ತೇನೆ. ಸಮಿತಿ ಏನೇ ಕಟ್ಟಲು ನಿರ್ಧರಿಸಲಿ, ನಡಾವಳಿ ಪುಸ್ತಕದಲ್ಲಿ ಎರಡು ಸಾಲು ಬರೆದು ಸಹಿ ಹಾಕಿಸಲಿ: ಅಂದಾಜು ಮೀರಿದರೆ ಹೆಚ್ಚಿನ ಹಣ ಯಾರು ಕೊಡುತ್ತಾರೆ, ಮುಂದಿನ ಹತ್ತು ವರ್ಷ ಅದರ ರಿಪೇರಿ ಯಾರು ಮಾಡಿಸುತ್ತಾರೆ. ಈ ಎರಡು ಸಾಲು ಬರೆಯಲು ಸಾಧ್ಯವಾದರೆ ಕಮಾನೂ ಆಗಲಿ. ಸಾಧ್ಯವಾಗದಿದ್ದರೆ ಮೊದಲು ಹೆಂಚು ಬದಲಿಸೋಣ. ನನ್ನ ಪಾಲಿನ ಹಣವನ್ನು ನಾನು ಮೈದಾನ ಮತ್ತು ಶೌಚಾಲಯದ ಲೆಕ್ಕಕ್ಕೆ ಬರೆಸಿದ್ದೇನೆ. ಮೊದಲ ಐದು ವರ್ಷ ಅವುಗಳ ರಿಪೇರಿ ಖರ್ಚಿಗೆ ನಮ್ಮ 2004–05ರ ತಂಡದ ಹನ್ನೊಂದು ಜನ ಸಹಿ ಹಾಕಿದ್ದೇವೆ.