ಮಗ್ಗದ ಓಣಿಯಿಂದ ಒಲಿಂಪಿಯಾದ ಕಡೆಗೆ

ಖಾಸಬಾಗ ಅಂದರೆ ಕೊಲ್ಹಾಪುರದವರಿಗೆ ಕುಸ್ತಿ ಮೈದಾನ. ಶಾಹು ಮಹಾರಾಜರು ಕಟ್ಟಿಸಿದ್ದು, 1912ರಲ್ಲಿ ಶುರುವಾದದ್ದು. ಬೆಳಗಾವಿಯ ನಮಗೆ ಖಾಸಬಾಗ ಅಂದರೆ ನೇಕಾರರ ಓಣಿ, ಮಗ್ಗದ ಸದ್ದು. ಹೆಸರು ಒಂದೇ. ಒಂದು ಕಡೆ ಆಟ, ಇನ್ನೊಂದು ಕಡೆ ದುಡಿಮೆ. ಇವೆರಡಕ್ಕೂ ಇರುವ ನಂಟು ತಿಳಿಯಬೇಕಾದರೆ ಪ್ರಾಚೀನ ಗ್ರೀಸಿನ ತನಕ ಹೋಗಿಬರಬೇಕು.

ಗ್ರೀಕರ ಒಲಿಂಪಿಕ್ಸ್ ಒಂದು ಜಾತ್ರೆಯೇ ಆಗಿತ್ತು. ಒಲಿಂಪಿಯಾ ಕ್ಷೇತ್ರದಲ್ಲಿ ಜ್ಯೂಸ್ ದೇವರ ಹೆಸರಲ್ಲಿ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತಿತ್ತು. ಕ್ರಿ.ಪೂ. 776ರಿಂದ ಅದರ ಲೆಕ್ಕ ಸಿಗುತ್ತದೆ. ಮೊದಲು ಸುಮಾರು 192 ಮೀಟರಿನ ಓಟ ಮಾತ್ರ ಇತ್ತು. ಕ್ರಿ.ಪೂ. 708ರಲ್ಲಿ ಕುಸ್ತಿ ಬಂತು. ಪೈಲ್ವಾನರು ಮೈಗೆ ಎಣ್ಣೆ ಹಚ್ಚಿ, ಮೇಲೆ ಮಣ್ಣು ಸವರಿಕೊಂಡು ಸೆಣಸುತ್ತಿದ್ದರು. ಎದುರಾಳಿಯನ್ನು ಮೂರು ಸಲ ಕೆಡವಿದವನೇ ಗೆದ್ದಂತೆ. ಬಹುಮಾನ ಆಲಿವ್ ಎಲೆಯ ಕಿರೀಟ. ನಮ್ಮ ಗರಡಿ ಮನೆ ಕಂಡವರಿಗೆ ಇದೇನೂ ಹೊಸದು ಅನಿಸದು.

ಆದರೆ ಆ ಕಣದೊಳಗೆ ಯಾರಿಗೆ ಪ್ರವೇಶವಿತ್ತು? ಸ್ವತಂತ್ರ ಗ್ರೀಕ್ ಗಂಡಸರಿಗೆ ಮಾತ್ರ. ಗುಲಾಮರು ಸ್ಪರ್ಧಿಸುವಂತಿರಲಿಲ್ಲ. ಮದುವೆಯಾದ ಹೆಂಗಸರು ನೋಡಲೂ ಬರುವಂತಿರಲಿಲ್ಲ. ಹುಡುಗಿಯರಿಗೆ ಹೀರಾ ದೇವಿಯ ಹೆಸರಲ್ಲಿ ಬೇರೆ ಓಟವಿತ್ತು, ಅದೂ ಆರನೇ ಒಂದು ಪಾಲು ಕಡಿಮೆ ದೂರ.

ಅಥೆನ್ಸಿನ ಗಂಡಸು ದಿನವೂ ವ್ಯಾಯಾಮಶಾಲೆಗೆ ಹೋಗಬೇಕಾದರೆ ಮನೆಯ ಕೆಲಸ ಬೇರೆಯವರು ಮಾಡಬೇಕಿತ್ತು. ಹೊಲ, ಗಣಿಗಳಲ್ಲಿ ಗುಲಾಮರು ದುಡಿಯುತ್ತಿದ್ದರು. ಮನೆಯೊಳಗೆ ಹೆಂಡತಿ, ದಾಸಿಯರು ಉಣ್ಣೆ ನೂತು ಮಗ್ಗದಲ್ಲಿ ಬಟ್ಟೆ ನೇಯುತ್ತಿದ್ದರು. ನಾವು ಇಂದು ಬಳಸುವ 'ಸ್ಕೂಲ್' ಎಂಬ ಮಾತಿನ ಮೂಲ ಗ್ರೀಕರ 'ಸ್ಕೊಲೆ'. ಅದರ ಅರ್ಥ ಬಿಡುವು. ಆಟಕ್ಕೂ ಪಾಠಕ್ಕೂ ಮೊದಲು ಬೇಕಾದದ್ದು ಅದೇ. ಅಲ್ಲಿ ಒಬ್ಬರ ಬಿಡುವನ್ನು ಇನ್ನೊಬ್ಬರ ದುಡಿಮೆ ಹೊತ್ತಿತ್ತು.

ನಮ್ಮ ಕಡೆಯ ಕಥೆಯೂ ಇದಕ್ಕೆ ದೂರವಿಲ್ಲ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟದಲ್ಲಿ ರೈತಾಪಿ ಹುಡುಗರು ಬರಿಗಾಲಲ್ಲಿ ಓಡಿದ್ದನ್ನು ದೊರಾಬ್ಜಿ ಟಾಟಾ ಕಂಡರು. ತಮ್ಮ ಹಣವನ್ನೂ ಹಾಕಿ, ಮರುವರ್ಷ ಬೆಲ್ಜಿಯಂನ ಆಂಟ್‌ವರ್ಪ್ ಒಲಿಂಪಿಕ್ಸಿಗೆ ತಂಡ ಕಳಿಸಲು ನಿಂತರು. ಆ ಸಣ್ಣ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಮ್ಯಾರಥಾನ್‌ನಲ್ಲಿ 42.75 ಕಿ.ಮೀ. ದೂರವನ್ನು 2 ಗಂಟೆ 50 ನಿಮಿಷದಲ್ಲಿ ಓಡಿ 19ನೆಯವರಾಗಿ ಬಂದರು. ಮ್ಯಾರಥಾನ್ ಎಂಬ ಹೆಸರು ಗ್ರೀಸಿನದು, ಆದರೆ ಹಳೆಯ ಒಲಿಂಪಿಯಾದಲ್ಲಿ ಆ ಓಟ ಇರಲೇ ಇಲ್ಲ. ಅದು ಬಂದದ್ದು 1896ರಲ್ಲಿ.

1952ರ ಹೆಲ್ಸಿಂಕಿಗೆ ಹೋಗಲು ಪೈಲ್ವಾನ ಖಾಶಾಬಾ ಜಾಧವರ ಬಳಿ ದುಡ್ಡಿರಲಿಲ್ಲ. ಕೊಲ್ಹಾಪುರದಲ್ಲಿ ಅವರು ಓದಿದ್ದ ಕಾಲೇಜಿನ ಪ್ರಾಂಶುಪಾಲ ಖರ್ಡೀಕರ್ ಮನೆ ಒತ್ತೆಯಿಟ್ಟು 7,000 ರೂಪಾಯಿ ಹೊಂದಿಸಿಕೊಟ್ಟರು. ಜಾಧವರು ಕಂಚು ತಂದರು. ಸ್ವತಂತ್ರ ಭಾರತಕ್ಕೆ ಒಬ್ಬ ಆಟಗಾರ ತಂದ ಮೊದಲ ಒಲಿಂಪಿಕ್ ಪದಕ ಅದು. ಇಬ್ಬರಲ್ಲೂ ಬಲಕ್ಕೆ ಕೊರತೆಯಿರಲಿಲ್ಲ. ಆದರೂ ದಾರಿ ತೆರೆಯಲು ಯಾರೋ ಒಬ್ಬರು ಕೈ ಕೊಡಬೇಕಾಯಿತು.

ಗುಲಾಮಗಿರಿ ಹೋಯಿತು. ಹೆಣ್ಣುಮಕ್ಕಳೂ ಅಖಾಡಕ್ಕೆ ಇಳಿದರು. 2016ರಲ್ಲಿ ರಿಯೋದಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದು, ಕುಸ್ತಿಯಲ್ಲಿ ಒಲಿಂಪಿಕ್ ಪದಕ ತಂದ ಭಾರತದ ಮೊದಲ ಮಹಿಳೆಯಾದರು. ಆದರೆ ಶಾಲೆ ಮುಗಿಸಿ ಬಂದು ಕಂಡಿಕೆ ಸುತ್ತಲು ಕೂರುವ ಹುಡುಗಿಗೆ ಸಂಜೆ ಒಂದು ತಾಸು ಸಿಗುತ್ತದೆಯೇ? ಕಬ್ಬಿನ ಗದ್ದೆಗೆ ಹೋಗುವ ಹುಡುಗನಿಗೆ?

ನಿಮ್ಮೂರಿನ ಹಿರಿಯರನ್ನು ಕೇಳಿ ನೋಡಿ: ನಮ್ಮೂರ ಗರಡಿ ಮನೆಗೆ ಯಾರ ಮಕ್ಕಳು ಬರುತ್ತಿದ್ದರು, ಯಾರ ಮಕ್ಕಳು ಹೊರಗೇ ನಿಂತಿದ್ದರು? ಆ ಉತ್ತರದಲ್ಲಿ ನಿಮ್ಮೂರಿನ ಇತಿಹಾಸವೂ ಇದೆ.